ರೇಡಿಯೊ ಸಂಕೇತ ಹಿಡಿಯುವ ವಾಚು ಕಲಬುರಗಿಯಲ್ಲಿ ಕೆಲಸಕ್ಕೆ ಬರುತ್ತದೆಯೇ?

ಓದುಗರ ಪ್ರಶ್ನೆ: ದುಬೈನಲ್ಲಿರುವ ನಮ್ಮ ಅಣ್ಣ ‘ಮಲ್ಟಿ ಬ್ಯಾಂಡ್ 6’ ಎಂದು ಬರೆದಿರುವ ವಾಚು ತರುತ್ತೇನೆ ಅಂತಿದ್ದಾನೆ. ರೇಡಿಯೊ ಸಂಕೇತ ಹಿಡಿದು ದಿನಾಲೂ ತಾನೇ ಸಮಯ ಸರಿ ಮಾಡಿಕೊಳ್ಳುತ್ತದಂತೆ. ಕಲಬುರಗಿಯಲ್ಲಿ ಆ ಸಂಕೇತ ಸಿಗುತ್ತದೆಯೇ? ಸಿಗದಿದ್ದರೆ, ಒಂದು ಸೆಕೆಂಡೂ ತಪ್ಪದ ವಾಚು ಬೇಕೆಂದರೆ ಯಾವುದನ್ನು ಕೊಳ್ಳಬೇಕು?

ಉತ್ತರ: ವಾಚು ನಡೆಯುತ್ತದೆ, ಸಂಕೇತ ಸಿಗುವುದಿಲ್ಲ. ಕಲಬುರಗಿ, ಬೀದರ್, ಯಾದಗಿರಿ ಮಾತ್ರವಲ್ಲ, ಅಣ್ಣ ಇರುವ ದುಬೈನಲ್ಲೂ ಇದೇ ಕತೆ. ‘ಮಲ್ಟಿ ಬ್ಯಾಂಡ್ 6’ ಎಂದರೆ ಆ ವಾಚು ಜಗತ್ತಿನ ಆರು ಪ್ರಸಾರ ಕೇಂದ್ರಗಳ ದೀರ್ಘ ತರಂಗ ಸಂಕೇತವನ್ನು ಓದಬಲ್ಲದು ಎಂದರ್ಥ. ಜಪಾನಿನಲ್ಲಿ ಎರಡು (40 ಮತ್ತು 60 ಕಿಲೋಹರ್ಟ್ಸ್), ಅಮೆರಿಕದ ಕೊಲೊರಾಡೊದಲ್ಲಿ ಒಂದು (60), ಇಂಗ್ಲೆಂಡಿನ ಆಂಥಾರ್ನ್‌ನಲ್ಲಿ ಒಂದು (60), ಜರ್ಮನಿಯ ಮೈನ್‌ಫ್ಲಿಂಗೆನ್‌ನಲ್ಲಿ ಒಂದು (77.5), ಚೀನಾದ ಶಾಂಗ್‌ಚಿಯುನಲ್ಲಿ ಒಂದು (68.5). ಇವುಗಳಲ್ಲಿ ನಮಗೆ ಹತ್ತಿರದ್ದು ಚೀನಾದ್ದು. ಅದರ ಸಂಕೇತ ಸುಮಾರು 1,500 ಕಿ.ಮೀ.ವರೆಗೆ ಸಿಗಬಹುದೆಂದು ಈ ವಾಚು ಮಾಡುವ ಕ್ಯಾಸಿಯೊ ಕಂಪನಿಯೇ ತನ್ನ ಕೈಪಿಡಿಯಲ್ಲಿ ಹೇಳುತ್ತದೆ. ಕಲಬುರಗಿಯಿಂದ ಶಾಂಗ್‌ಚಿಯುಗೆ 4,000 ಕಿ.ಮೀ.ಗೂ ಹೆಚ್ಚು. ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯ ಹಿಂದೆ ‘ಎಟಿಎ’ ಎಂಬ ಕರೆಗುರುತಿನಲ್ಲಿ ಸಮಯ ಸಂಕೇತ ಬಿತ್ತರಿಸುತ್ತಿತ್ತು ನಿಜ. ಆದರೆ ಅದು ಶಾರ್ಟ್‌ವೇವ್. ಕೈಗಡಿಯಾರಗಳು ಅದನ್ನು ಹಿಡಿಯುವುದೇ ಇಲ್ಲ.

ಚೀನಾದ ಸಂಕೇತಕ್ಕಾಗಿ ವಾಚಿನ ಊರನ್ನು ಹಾಂಗ್‌ಕಾಂಗ್ ಎಂದು ಇಟ್ಟು ರಾತ್ರಿ ಕಿಟಕಿಯಲ್ಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಹಿಡಿದಿರುತ್ತದೆ ಎನ್ನುವವರು ಸಿಗುತ್ತಾರೆ. ರಾತ್ರಿ ದೀರ್ಘ ತರಂಗ ಹೆಚ್ಚು ದೂರ ಹೋಗುವುದು ಹೌದು. ಆದರೆ ವಾಚು ಹಲವು ನಿಮಿಷ ಎಡೆಬಿಡದೆ ಸಂಕೇತದ ಪ್ರತಿಯೊಂದು ತುಣುಕನ್ನೂ (ಬಿಟ್) ಸರಿಯಾಗಿ ಓದಬೇಕು. ಒಂದು ಕೆಟ್ಟರೂ ಆ ಇಡೀ ನಿಮಿಷದ ಸಂಕೇತವನ್ನು ತಳ್ಳಿಹಾಕಿ ಪರದೆಯಲ್ಲಿ ದೋಷ ಎಂದು ತೋರಿಸುತ್ತದೆ. ಆ ಭರವಸೆಯ ಮೇಲೆ ದುಡ್ಡು ಹಾಕಬೇಡಿ. ವಾಚಿನಲ್ಲಿ ದೆಹಲಿ ಎಂದು ಊರು ಇಟ್ಟರೆ ಅದು ಸಂಕೇತ ಹುಡುಕುವುದನ್ನೇ ಬಿಟ್ಟು ಸಾದಾ ಕ್ವಾರ್ಟ್ಸ್ ವಾಚಿನಂತೆ ನಡೆಯುತ್ತದೆ. ಆಗ ಅದರ ನಿಖರತೆ ತಿಂಗಳಿಗೆ 15 ಸೆಕೆಂಡು ಹಿಂದೆ ಮುಂದೆ.

ಆ 15 ಸೆಕೆಂಡು ನಮ್ಮ ಭಾಗದಲ್ಲಿ ನಿಲ್ಲುವುದೂ ಕಷ್ಟ, ಕಾರಣ ಬಿಸಿಲು. ಕ್ವಾರ್ಟ್ಸ್ ವಾಚಿನೊಳಗೆ ಸೆಕೆಂಡಿಗೆ 32,768 ಸಲ ಕಂಪಿಸುವ ಸಣ್ಣ ಹರಳಿದೆ. ಸುಮಾರು 25 ಡಿಗ್ರಿಯಲ್ಲಿ ಅದರ ವೇಗ ಅತಿ ಹೆಚ್ಚು. ಅದಕ್ಕಿಂತ ಸೆಕೆ ಏರಿದರೂ ಚಳಿ ಹೆಚ್ಚಿದರೂ ನಿಧಾನವೇ ಆಗುತ್ತದೆ, ಅದೂ ತಾಪಮಾನದ ಅಂತರ ಎರಡು ಪಟ್ಟಾದರೆ ನಾಲ್ಕು ಪಟ್ಟು. ಲೆಕ್ಕ ಹಾಕಿದರೆ 40 ಡಿಗ್ರಿಯಲ್ಲಿ ದಿನಕ್ಕೆ ಸುಮಾರು 0.7 ಸೆಕೆಂಡು, 45ರಲ್ಲಿ 1.2 ಸೆಕೆಂಡು ಹಿಂದೆ ಬೀಳುತ್ತದೆ. ಕೈಯಲ್ಲಿ ಕಟ್ಟಿಕೊಂಡಿದ್ದರೆ ಮೈಯ ಬೆವರು ಮತ್ತು ತಾಪ ಸೇರಿ ವಾಚನ್ನು 30ರ ಆಸುಪಾಸಿನಲ್ಲಿ ಇಡುತ್ತವೆ, ನಷ್ಟ ತೀರಾ ಕಡಿಮೆ. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನಲ್ಲಿ, ಗೋಡೆಯ ಮೊಳೆಗೆ, ಬೈಕಿನ ಹ್ಯಾಂಡಲ್ಲಿಗೆ ಕಟ್ಟಿಟ್ಟ ವಾಚು ತಿಂಗಳಲ್ಲಿ ಅರ್ಧ ನಿಮಿಷ ತಪ್ಪಿದರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಚಳಿಗಾಲದಲ್ಲಿ ಸ್ವಲ್ಪ ಮುಂದೆ ಓಡುತ್ತಿದ್ದ ವಾಚು ಬೇಸಿಗೆಯಲ್ಲಿ ಕರಾರುವಾಕ್ಕಾಗಿ ನಡೆಯುವುದೂ ಇದರಿಂದಲೇ.

ಹಾಗಾದರೆ ಏನು ಕೊಳ್ಳಬೇಕು? ನಮ್ಮ ಕಡೆ ಸಮಯ ಬರುವುದು ಎರಡೇ ದಾರಿಯಲ್ಲಿ: ಜೇಬಿನ ಮೊಬೈಲಿನಿಂದ, ಇಲ್ಲವೇ ಆಕಾಶದ ಉಪಗ್ರಹದಿಂದ.

ಹೆಚ್ಚಿನವರಿಗೆ ಮೊಬೈಲಿನ ದಾರಿಯೇ ಸಾಕು. ಬ್ಲೂಟೂತ್ ಇರುವ ಕ್ಯಾಸಿಯೊ ವಾಚು ದಿನಕ್ಕೆ ನಾಲ್ಕು ಸಲ ಮೊಬೈಲಿಗೆ ಕೂಡಿಕೊಂಡು ಸಮಯ ಸರಿಪಡಿಸಿಕೊಳ್ಳುತ್ತದೆ. ಎರಡು ಜೋಡಣೆಗಳ ನಡುವೆ ಅದು ತಪ್ಪುವುದು ಬೇಸಿಗೆಯಲ್ಲೂ ಸೆಕೆಂಡಿನ ಸಣ್ಣ ಪಾಲು. ಅಣ್ಣ ತರುವುದೇ ಆದರೆ ಮಾದರಿಯ ಹೆಸರು ನೋಡಲು ಹೇಳಿ. ‘ಜಿಡಬ್ಲ್ಯೂ-ಎಂ5610’ ಬರೀ ರೇಡಿಯೊದ್ದು, ಬೇಡ. ನೋಡಲು ಹೆಚ್ಚುಕಡಿಮೆ ಹಾಗೇ ಇರುವ ‘ಜಿಡಬ್ಲ್ಯೂ-ಬಿ5600’ರಲ್ಲಿ ರೇಡಿಯೊ, ಬ್ಲೂಟೂತ್ ಎರಡೂ ಇವೆ, ಬೆಳಕಿನಿಂದ ಚಾರ್ಜೂ ಆಗುತ್ತದೆ. ಮುಳ್ಳಿನ ವಾಚು ಬೇಕೆಂದರೆ ‘ಜಿಎ-ಬಿ2100’ ಇದೆ; ಅದರಲ್ಲಿ ಬ್ಲೂಟೂತ್ ಮಾತ್ರ.

ಕೊಂಡ ಮೇಲೆ ಜೋಡಣೆ ತಪ್ಪುವುದು ಹೆಚ್ಚಾಗಿ ವಾಚಿನ ದೋಷದಿಂದಲ್ಲ. ಆಂಡ್ರಾಯ್ಡ್ ಮೊಬೈಲು ಬ್ಯಾಟರಿ ಉಳಿಸಲೆಂದು ಹಿನ್ನೆಲೆಯಲ್ಲಿರುವ ಆ್ಯಪನ್ನು ಮುಚ್ಚಿಬಿಡುತ್ತದೆ. ಸೆಟ್ಟಿಂಗ್ಸ್‌ಗೆ ಹೋಗಿ ವಾಚಿನ ಆ್ಯಪಿಗೆ ಬ್ಯಾಟರಿ ನಿರ್ಬಂಧ ತೆಗೆಯಿರಿ, ಲೊಕೇಶನ್ ಮತ್ತು ಹತ್ತಿರದ ಸಾಧನಗಳ ಅನುಮತಿ ಕೊಡಿ, ಇತ್ತೀಚಿನ ಆ್ಯಪುಗಳನ್ನೆಲ್ಲ ಒಮ್ಮೆಗೇ ಒರೆಸಿಹಾಕುವ ಅಭ್ಯಾಸ ಬಿಡಿ. ಮೊಬೈಲಿನ ಸಮಯ ‘ಸ್ವಯಂಚಾಲಿತ’ ಎಂದಿರಲಿ. ಅಷ್ಟಾದರೂ ಮೊಬೈಲೇ ಒಂದೆರಡು ಸೆಕೆಂಡು ತಪ್ಪಿರುವುದುಂಟು, ಏಕೆಂದರೆ ಟವರು ಕಳಿಸುವ ಸಮಯ ಯಾವಾಗಲೂ ಕರಾರುವಾಕ್ಕಾಗಿ ಇರುವುದಿಲ್ಲ. ವಾಚು ಆ ತಪ್ಪನ್ನೇ ನಕಲು ಮಾಡುತ್ತದೆ. ಮೊಬೈಲಿನ ಬ್ರೌಸರಿನಲ್ಲಿ ‘ಟೈಮ್ ಡಾಟ್ ಐಎಸ್’ ತೆರೆದರೆ ನಿಮ್ಮ ಮೊಬೈಲು ಎಷ್ಟು ಹಿಂದೆ ಮುಂದೆ ಇದೆ ಎಂದು ಅದೇ ಹೇಳುತ್ತದೆ. ಟಿವಿ ನೋಡಿಯೋ ಮೊಬೈಲಿನಲ್ಲಿ ಆಕಾಶವಾಣಿ ಕೇಳಿಯೋ ಸೆಕೆಂಡು ಹೊಂದಿಸಬೇಡಿ. ಉಪಗ್ರಹ, ಇಂಟರ್‌ನೆಟ್ ಸುತ್ತಿ ಬರುವಷ್ಟರಲ್ಲಿ ಅದು ತಡವಾಗಿರುತ್ತದೆ.

ಮೊಬೈಲಿನ ಹಂಗೇ ಬೇಡ ಎನ್ನುವವರಿಗೆ ಜಿಪಿಎಸ್ ವಾಚು. ಸೈಕೊ ಆಸ್ಟ್ರಾನ್ 2012ರಲ್ಲಿ ಬಂತು. ಸಿಟಿಜನ್, ಕ್ಯಾಸಿಯೊ ಕೂಡ ಮಾಡಿವೆ. ಬೆಲೆ ಬ್ಲೂಟೂತ್ ವಾಚಿಗಿಂತ ಹಲವು ಪಟ್ಟು. ನಮ್ಮ ಬಯಲುಸೀಮೆಯ ತೆರೆದ ಆಕಾಶ ಇದಕ್ಕೆ ಹೇಳಿಮಾಡಿಸಿದ್ದು, ಆದರೆ ಶಹಾಬಾದ್ ಫರ್ಸಿಯ ಮಾಳಿಗೆ, ಸಿಮೆಂಟಿನ ಸ್ಲ್ಯಾಬಿನ ಕೆಳಗೆ ಸಂಕೇತ ಇಳಿಯುವುದಿಲ್ಲ. ಮಾಳಿಗೆ ಹತ್ತಿ, ವಾಚಿನ ಮುಖ ಮೇಲೆ ಮಾಡಿ, ಅಲುಗಾಡದೆ ನಿಂತರೆ ಬರೀ ಸಮಯಕ್ಕೆ ಒಂದು ನಿಮಿಷದೊಳಗೆ ಕೆಲಸ ಮುಗಿಯುತ್ತದೆ. ಸ್ಥಳ ಗುರುತಿಸಿ ಕಾಲವಲಯವನ್ನೂ ಹಿಡಿಯಬೇಕೆಂದರೆ ನಾಲ್ಕು ಉಪಗ್ರಹ ಬೇಕು, ಎರಡು ನಿಮಿಷ ಹಿಡಿಯಬಹುದು.

ಜಿಪಿಎಸ್ ವಾಚಿನಲ್ಲಿ ಬಹಳ ಜನ ತಿಳಿಯದ ತಪ್ಪೊಂದಿದೆ. ಭೂಮಿಯ ತಿರುಗುವಿಕೆಗೆ ಹೊಂದಿಸಲು ಜಾಗತಿಕ ಸಮಯಕ್ಕೆ ಆಗಾಗ ಸೇರಿಸಿದ ಅಧಿಕ ಸೆಕೆಂಡುಗಳನ್ನು (ಲೀಪ್ ಸೆಕೆಂಡ್) ಜಿಪಿಎಸ್ ಉಪಗ್ರಹಗಳ ಗಡಿಯಾರ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. 2017ರ ಜನವರಿ 1ರಿಂದ ಅದು ಜಾಗತಿಕ ಸಮಯಕ್ಕಿಂತ 18 ಸೆಕೆಂಡು ಮುಂದಿದೆ. ಈ ಅಂತರ ಎಷ್ಟೆಂಬುದನ್ನು ಉಪಗ್ರಹಗಳು 12.5 ನಿಮಿಷಕ್ಕೊಮ್ಮೆ ಮಾತ್ರ ಬಿತ್ತರಿಸುತ್ತವೆ. ಪೂರ್ತಿ ಚಾರ್ಜ್ ಇಳಿದು ಮತ್ತೆ ಎದ್ದ ವಾಚು, ಅಥವಾ 2017ಕ್ಕಿಂತ ಮುಂಚಿನ ಹಳೆಯ ವಾಚು, ನೆನಪಿನಲ್ಲಿರುವ ಹಳೆಯ ಅಂತರವನ್ನೇ ಬಳಸಿ ಒಂದೆರಡು ಸೆಕೆಂಡು ತಪ್ಪು ತೋರಿಸೀತು. ಕೈಪಿಡಿಯಲ್ಲಿ ಹೇಳಿದಂತೆ ಅಧಿಕ ಸೆಕೆಂಡಿನ ಮಾಹಿತಿ ಪಡೆಯುವ ಆಯ್ಕೆ ಒತ್ತಿ, ಮಾಳಿಗೆಯ ಮೇಲೆ ಸುಮಾರು ಇಪ್ಪತ್ತು ನಿಮಿಷ ಇಟ್ಟುಬನ್ನಿ, ಆದರೆ ಮಧ್ಯಾಹ್ನದ ಕಾದ ಕಲ್ಲಿನ ಮೇಲಲ್ಲ, ಸಂಜೆ.

ರೇಡಿಯೊ ವಾಚು ಆಗಲೇ ಮನೆಗೆ ಬಂದಿದ್ದರೆ ಬೇಸರ ಬೇಡ, ಅದಕ್ಕೂ ಉಪಾಯವುಂಟು. ಜಪಾನ್ ಕೇಂದ್ರದ ಸಂಕೇತವನ್ನು ಅನುಕರಿಸುವ ಉಚಿತ ಆ್ಯಪುಗಳಿವೆ. ಮೊಬೈಲಿನ ಸ್ಪೀಕರಿಗೆ 13.333 ಕಿಲೋಹರ್ಟ್ಸ್ ಕಳಿಸಿದರೆ ಅದರ ಮೂರು ಪಟ್ಟು, ಅಂದರೆ 40 ಕಿಲೋಹರ್ಟ್ಸ್, ಕ್ಷೀಣವಾಗಿ ಹೊರಸೂಸುತ್ತದೆ. ವಾಚಿಗೆ ಅಷ್ಟು ಸಾಕು. ವಾಚಿನ ಊರನ್ನು ಟೋಕಿಯೊ ಮಾಡಿ, ಮೊಬೈಲಿನ ಧ್ವನಿ ಪೂರ್ತಿ ಏರಿಸಿ, ವಾಚನ್ನು ಸ್ಪೀಕರಿಗೆ ತಾಗುವಂತೆ ಇಟ್ಟು, ಕೈಯಾರೆ ಸಂಕೇತ ಪಡೆಯುವ ಗುಂಡಿ ಒತ್ತಿ. ಸಿಗದಿದ್ದರೆ ವೈರಿನ ಇಯರ್‌ಫೋನ್ ಹಾಕಿ ಅದರ ವೈರನ್ನು ವಾಚಿಗೆ ಒಂದೆರಡು ಸುತ್ತು ಸುತ್ತಿ. ಬ್ಲೂಟೂತ್ ಇಯರ್‌ಫೋನ್ ನಡೆಯದು. ಕೆಲವು ನಿಮಿಷಗಳಲ್ಲಿ ಸಮಯ ಹಿಡಿದ ಮೇಲೆ ಊರನ್ನು ಮತ್ತೆ ದೆಹಲಿಗೆ ತಿರುಗಿಸಿ. ವಾಚು ತಾನೇ ಮೂರೂವರೆ ಗಂಟೆ ಹಿಂದಕ್ಕೆ ಸರಿಯುತ್ತದೆ. ವಾರಕ್ಕೊಮ್ಮೆ ಮಾಡಿದರೆ ಸಾಕು. ಗೋಡೆ ಗಡಿಯಾರ ತರಿಸುವಾಗ ಮಾತ್ರ ಎಚ್ಚರ: ಯುರೋಪಿನ ಅಗ್ಗದ ರೇಡಿಯೊ ಗಡಿಯಾರಗಳಲ್ಲಿ ಹಲವು ಪೂರ್ಣ ಗಂಟೆಯ ಅಂತರವನ್ನಷ್ಟೇ ಒಪ್ಪುತ್ತವೆ, ನಮ್ಮ ಐದೂವರೆಯ ಅರ್ಧ ಗಂಟೆ ಅವಕ್ಕೆ ಗೊತ್ತಿಲ್ಲ.

ಯಾವ ಸಂಕೇತವೂ ಇಲ್ಲದೆ ನಿಖರವಾಗಿ ನಡೆಯುವ ವಾಚುಗಳೂ ಇವೆ. ಅವು ತಾಪಮಾನ ಅಳೆದು ಹರಳಿನ ತಪ್ಪನ್ನು ತಾವೇ ತಿದ್ದಿಕೊಳ್ಳುತ್ತವೆ. ಗ್ರ್ಯಾಂಡ್ ಸೈಕೊದ 9ಎಫ್ ಯಂತ್ರ ವರ್ಷಕ್ಕೆ 10 ಸೆಕೆಂಡು, ಲಾಂಜೀನ್ಸ್‌ನ ವಿಎಚ್‌ಪಿ ವರ್ಷಕ್ಕೆ 5 ಸೆಕೆಂಡು ಮಾತ್ರ ಹಿಂದೆ ಮುಂದೆ. ನಮ್ಮ ಬಿಸಿಲಿಗೆ ಇವೇ ನಿಜವಾಗಿ ಗಟ್ಟಿ, ಆದರೆ ಜೇಬೂ ಗಟ್ಟಿ ಇರಬೇಕು.

ಕೊನೆಗೆ ಎರಡು ಮಾತು. ಸ್ಪರ್ಧಾತ್ಮಕ ಪರೀಕ್ಷೆಗೆಂದು ಬ್ಲೂಟೂತ್ ವಾಚು ಕೊಳ್ಳಬೇಡಿ, ಒಳಗೆ ಬಿಡುವುದಿಲ್ಲ. ಹಲವು ಪರೀಕ್ಷೆಗಳಲ್ಲಿ ಯಾವ ವಾಚೂ ನಡೆಯದು, ಪ್ರವೇಶಪತ್ರ ಓದಿ. ಬೆಳಕಿನಿಂದ ಚಾರ್ಜ್ ಆಗುವ ವಾಚನ್ನು ಕಪಾಟಿನ ಕತ್ತಲಲ್ಲಿ ವಾರಗಟ್ಟಲೆ ಇಟ್ಟರೆ ಅದು ಮಲಗಿಬಿಡುತ್ತದೆ, ಸಮಯ ಸರಿಪಡಿಸಿಕೊಳ್ಳುವುದನ್ನೂ ನಿಲ್ಲಿಸುತ್ತದೆ. ದಿನಕ್ಕೆ ಐದರಿಂದ ಎಂಟು ನಿಮಿಷದ ಬಿಸಿಲು ಸಾಕು. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡಬೇಡಿ. ಈ ವಾಚಿನೊಳಗಿನ ಸೆಲ್ಲು ಮರುಚಾರ್ಜ್ ಆಗುವಂಥದ್ದು, ‘ಜಿಡಬ್ಲ್ಯೂ-ಬಿ5600’ರಂಥವುಗಳಲ್ಲಿ ಸಿಟಿಎಲ್1616. ಅಂಗಡಿಯಲ್ಲಿ ಅದೇ ಅಳತೆಯ ಸಾದಾ ಸಿಆರ್1616 ಹಾಕಿಕೊಡುತ್ತೇನೆ ಎಂದರೆ ಒಪ್ಪಬೇಡಿ: ಸಾದಾ ಸೆಲ್ಲಿಗೆ ಚಾರ್ಜ್ ಹರಿದರೆ ಅದು ಸೋರಿ ಒಳಗಿನ ಬೋರ್ಡನ್ನೇ ತಿನ್ನಬಹುದು.