ಸ್ಕ್ಯಾನ್ ಸರಿಯಿದ್ದ ಮೇಲೂ ಬೆನ್ನಿಗೆ ಸೂಜಿ ಏಕೆ?

ಹಸುಗೂಸಿಗೆ ಮಿದುಳಿನ ಪೊರೆಯ ಸೋಂಕು (ಮೆನಿಂಜೈಟಿಸ್) ಇರಬಹುದೆಂಬ ಶಂಕೆ. ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಕುಳಿತ ತಂದೆತಾಯಿಗೆ ಒಂದೇ ದಿನ ಎರಡು ಮಾತು ಕೇಳಿಸುತ್ತದೆ. ‘ತಲೆಯ ಸ್ಕ್ಯಾನ್ ನಾರ್ಮಲ್ ಬಂದಿದೆ.’ ‘ಬೆನ್ನಿನ ನೀರು ತೆಗೆಯಬೇಕು, ಸಹಿ ಹಾಕಿ.’ ಮಿದುಳು, ಬೆನ್ನುಹುರಿಗಳ ಸುತ್ತ ಇರುವ ನೀರನ್ನು ಪರೀಕ್ಷೆಗೆ ತೆಗೆಯುವುದು ಇದು. ಚಿತ್ರವೇ ಸರಿಯಿದ್ದ ಮೇಲೆ ಸೂಜಿ ಏಕೆ? ಸೂಜಿ ಚುಚ್ಚಿದರೆ ಕಾಲು ಬಿದ್ದುಹೋಗುತ್ತದೆ ಎಂದು ನೆಂಟರು ಬೇರೆ ಹೆದರಿಸಿರುತ್ತಾರೆ. ಬೆನ್ನುಹುರಿ ಮುಗಿಯುವ ಜಾಗಕ್ಕಿಂತ ಕೆಳಗೆ ಸೂಜಿ ಇಳಿಯುತ್ತದೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ.

ಎರಡರಲ್ಲಿ ಸೂಜಿಯೇ ಹಳೆಯದು. ಜರ್ಮನಿಯ ಹೈನ್ರಿಕ್ ಕ್ವಿಂಕೆ 1891ರಲ್ಲಿ ತೋರಿಸಿಕೊಟ್ಟ ವಿಧಾನವದು. ಮೊದಲ ರೋಗಿಯ ಮಿದುಳಿನ ಸಿಟಿ ಸ್ಕ್ಯಾನ್ ಲಂಡನ್ನಿನಲ್ಲಿ ನಡೆದದ್ದು 1971ರಲ್ಲಿ. ಆದರೆ ವಿಕಿರಣದ ಭಯ, ನಳಿಕೆಗಳ ಸಮೇತ ಕೂಸನ್ನು ಇನ್ನೊಂದು ಕಟ್ಟಡಕ್ಕೆ ಹೊತ್ತೊಯ್ಯುವ ಪಾಡು ಎರಡೂ ಉಳಿದವು.

ದಾರಿ ತೆರೆದದ್ದು ನೆತ್ತಿ. ಅಜ್ಜಿಯರು ಹರಳೆಣ್ಣೆ ತಟ್ಟುವ ಆ ಮೆತ್ತನೆಯ ಜಾಗದಲ್ಲಿ ಮೂಳೆ ಕೂಡಲು ಸುಮಾರು ಒಂದೂವರೆ ವರ್ಷ ಬೇಕು. ಅಲ್ಲಿಯವರೆಗೆ ಅಲ್ಟ್ರಾಸೌಂಡ್ ಅಲೆಗಳಿಗೆ ಅದು ತೆರೆದ ಕಿಟಕಿ. 1970ರ ದಶಕದ ಕೊನೆಯಿಂದ ವೈದ್ಯರು ಯಂತ್ರವನ್ನೇ ಮಗುವಿನ ಬಳಿಗೆ ತಳ್ಳಿಕೊಂಡು ಬರತೊಡಗಿದರು. ನೆತ್ತಿಗೆ ಒಂದಿಷ್ಟು ಜೆಲ್ಲಿ ಹಚ್ಚಿ ಪ್ರೋಬ್ ಇಟ್ಟರೆ ಸಾಕು, ಎಷ್ಟೋ ಸಲ ಮಗುವಿಗೆ ಎಚ್ಚರವೂ ಆಗುವುದಿಲ್ಲ. ಪರದೆಯಲ್ಲಿ ಮಿದುಳಿನ ಒಳಕೋಣೆಗಳು ಕಪ್ಪಗೆ ಕಾಣುತ್ತವೆ. ಸೋಂಕು ಬಲಿತರೆ ಮಿದುಳಿನ ಮಡಿಕೆಗಳು ಬೆಳ್ಳಗಾಗುತ್ತವೆ, ಕೋಣೆಯ ಗೋಡೆ ದಪ್ಪವಾಗುತ್ತದೆ, ಒಳಗಿನ ನೀರಿನಲ್ಲಿ ಜೇಡರ ಬಲೆಯಂಥ ಎಳೆಗಳು ತೇಲುತ್ತವೆ.

‘ಬಲಿತರೆ’ ಎಂಬಲ್ಲೇ ಗಂಟು ಇರುವುದು. ಮೊದಲ ದಿನದ ಚಿತ್ರ ಶುಭ್ರವಾಗಿದ್ದರೂ ಮಿದುಳಿನ ಪೊರೆಯಲ್ಲಿ ಸೋಂಕು ಇರಬಹುದು. ಹಸುಗೂಸಿನಲ್ಲಿ ಕತ್ತು ಬಿಗಿಯುವ ಲಕ್ಷಣವೂ ಸಾಮಾನ್ಯವಾಗಿ ಕಾಣದು. ಹಾಲು ಬಿಡುತ್ತದೆ, ಮಂಕಾಗುತ್ತದೆ, ಅಷ್ಟೇ. ಪೊರೆಯಲ್ಲಿರುವುದು ಯಾವ ರೋಗಾಣು, ಅದಕ್ಕೆ ಯಾವ ಔಷಧ ಎಂದು ಖಚಿತವಾಗಿ ಹೇಳುವುದು ಬೆನ್ನಿನ ನೀರು. ಮಗುವಿನ ಸ್ಥಿತಿ ತೀರಾ ನಾಜೂಕಾಗಿದ್ದರೆ ಸೂಜಿಯನ್ನು ಮುಂದೂಡಿ ಔಷಧ ಆರಂಭಿಸಬೇಕಾಗುತ್ತದೆ, ನಿಜ. ಉಳಿದಂತೆ ‘ಸ್ಕ್ಯಾನ್ ನೋಡಿಕೊಂಡು ತೀರ್ಮಾನಿಸೋಣ’ ಎಂದು ಕಾಯುವುದರಲ್ಲಿ ಲಾಭ ಕಾಣೆ. ಆಂಟಿಬಯಾಟಿಕ್ ಬಿದ್ದಷ್ಟೂ ನೀರಿನಲ್ಲಿ ರೋಗಾಣು ಬೆಳೆಯುವ ಸಾಧ್ಯತೆ ಕುಗ್ಗುತ್ತದೆ.

ಚಿತ್ರದ ನಿಜವಾದ ಕೆಲಸ ಆಮೇಲಿನದು. ಇ. ಕೋಲಿಯಂಥ ರೋಗಾಣುವಿಗೆ ಸಾಮಾನ್ಯವಾಗಿ 21 ದಿನ ಔಷಧ. ಒಳಗೆ ಕೀವುಗಡ್ಡೆ ಕಂಡರೆ ಇನ್ನೂ ಹಲವು ವಾರ. ಸಿಟ್ರೊಬ್ಯಾಕ್ಟರ್ ಎಂಬ ರೋಗಾಣು ಸಿಕ್ಕರಂತೂ ಗಡ್ಡೆಯನ್ನು ಹುಡುಕಲೇಬೇಕು. ಇಲ್ಲಿ ಎಂಆರ್‌ಐ ಮೇಲು. ಹಾಲುಣಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಮಲಗಿಸಿದರೆ ಎಷ್ಟೋ ಕೂಸುಗಳಿಗೆ ಅರಿವಳಿಕೆಯೂ ಬೇಡ.

ನಮ್ಮಲ್ಲಿ ಇನ್ನೊಂದು ಸಿಕ್ಕು ಇದೆ. ಭ್ರೂಣಲಿಂಗ ಪತ್ತೆ ತಡೆಯಲು ಬಂದ 1994ರ ಕಾಯ್ದೆಯ ಪ್ರಕಾರ ಅಲ್ಟ್ರಾಸೌಂಡ್ ಯಂತ್ರಕ್ಕೆ ನೋಂದಣಿ ಕಡ್ಡಾಯ. ಈಗಾಗಲೇ ಹುಟ್ಟಿದ ಮಗುವಿನ ನೆತ್ತಿ ನೋಡುವ ಯಂತ್ರಕ್ಕೂ ಆ ಕಾಗದಪತ್ರ ತಪ್ಪಿದ್ದಲ್ಲ. ಕಾಯ್ದೆ ಬೇಕಾಗಿಯೇ ಇತ್ತು, ಅದರ ನೆರಳು ಇಲ್ಲಿಯವರೆಗೂ ಚಾಚಿದೆ.

ಮನೆಗೆ ಕಳುಹಿಸಿದ ಮೇಲೆ ಬಳಸುವ ಸಾಧನ ದರ್ಜಿಯ ಬಳಿ ಇರುವಂಥದ್ದೇ ಒಂದು ಟೇಪು. ಪ್ರತಿ ಭೇಟಿಯಲ್ಲೂ ತಲೆಯ ಸುತ್ತಳತೆ ಬರೆದಿಡುತ್ತಾರೆ. ಅಳತೆ ಸರಸರನೆ ಏರಿದರೆ, ಒಳಗೆ ನೀರು ತುಂಬುತ್ತಿದೆಯೇ ಎಂದು ನೋಡಲು ನೆತ್ತಿಯ ಮೇಲೆ ಮತ್ತೆ ಪ್ರೋಬ್ ಇಡುತ್ತಾರೆ.