ಜಾತಿ ಕುದುರೆಗೆ ಜಾತಕ ಸಾಲದು, ಜೀನ್ ಪರೀಕ್ಷೆ ಬೇಕು

ಕುದುರೆ ಕೊಳ್ಳಲು ಹೋದವರು ಇಂದಿಗೂ ಮೊದಲು ಹುಡುಕುವುದು ಸುಳಿಯನ್ನು. ಗಂಟಲ ಕೆಳಗೆ ದೇವಮಣಿ ಎಂಬ ಸುಳಿ ಇದ್ದರೆ ಮನೆಗೆ ಲಕ್ಷ್ಮಿ, ಇರಬಾರದ ಕಡೆ ಸುಳಿ ಇದ್ದರೆ ಯಜಮಾನನಿಗೆ ಕೇಡು, ನಾಲ್ಕು ಕಾಲೂ ಮುಖವೂ ಬೆಳ್ಳಗಿದ್ದು ಪಂಚಕಲ್ಯಾಣಿ ಆದರಂತೂ ಹೇಳಿದ್ದೇ ಬೆಲೆ. ಬೆಂಗಳೂರಿನಲ್ಲಿ ಕೂತು ಲಕ್ಷಗಟ್ಟಲೆ ಎಣಿಸುವ ಓದಿದ ಜನರೂ ಇದಕ್ಕೆ ಹೊರತಲ್ಲ. ಅದೇ ಕುದುರೆಯ ಅಪ್ಪ ಅಮ್ಮನಿಗೆ ಯಾವ ಆನುವಂಶಿಕ ಪರೀಕ್ಷೆ ಆಗಿದೆ ಎಂದು ಕೇಳುವವರು ಮಾತ್ರ ಅಪರೂಪ.

ಸುಳಿಗೂ ಅದೃಷ್ಟಕ್ಕೂ ಯಾವ ನಂಟೂ ಇಲ್ಲ. ಆದರೂ ಸುಳಿಯನ್ನು ನೋಡಲೇಬೇಕು, ಅದಕ್ಕೆ ಕಾರಣ ಬೇರೆ. ಕೂದಲು ಯಾವ ದಿಕ್ಕಿಗೆ ತಿರುಗಬೇಕು ಎಂಬುದು ತಾಯಿಯ ಗರ್ಭದಲ್ಲೇ ತೀರ್ಮಾನವಾಗುತ್ತದೆ, ಸಾಯುವವರೆಗೂ ಬದಲಾಗುವುದಿಲ್ಲ. ಹಾಗಾಗಿ ತಳಿ ನೋಂದಣಿ ಸಂಸ್ಥೆಗಳು ಪ್ರತಿ ಕುದುರೆಯ ಪಾಸ್‌ಪೋರ್ಟಿನಲ್ಲಿ ಒಂದು ರೇಖಾಚಿತ್ರ ಇಟ್ಟು, ಸುಳಿ ಇರುವ ಜಾಗದಲ್ಲೆಲ್ಲ ‘X’ ಗುರುತು ಹಾಕುತ್ತವೆ. ಮೈಮೇಲೆ ಒಂದು ಬಿಳಿ ಚುಕ್ಕೆಯೂ ಇಲ್ಲದ ಕಂದು ಕುದುರೆಗಳು ಹತ್ತು ಒಟ್ಟಿಗೆ ನಿಂತಾಗ, ಬರಿಗಣ್ಣಿಗೆ ಒಂದನ್ನೊಂದು ಬೇರೆ ಮಾಡಿಕೊಡುವುದು ಹಣೆಯ ಮತ್ತು ಕತ್ತಿನ ಸುಳಿಗಳೇ.

ಇಂದು ಸುಳಿಯ ಜೊತೆಗೆ ಮೈಕ್ರೋಚಿಪ್ ಮತ್ತು ಡಿಎನ್‌ಎ ಸೇರಿವೆ. ಅಕ್ಕಿಕಾಳಿನಷ್ಟು ದೊಡ್ಡ ಚಿಪ್ಪಿನಲ್ಲಿ 15 ಅಂಕಿಗಳಿರುತ್ತವೆ. ಅದನ್ನು ಹಾಕುವುದು ಕತ್ತಿನ ಎಡಬದಿಗೆ, ನೆತ್ತಿಗೂ ಹೆಗಲಿನ ಉಬ್ಬಿಗೂ ಸರಿ ನಡುವೆ, ಜೂಲಿನ ಬುಡದ ಕೆಳಗಿರುವ ಗಟ್ಟಿ ಅಸ್ಥಿರಜ್ಜುವಿನೊಳಗೆ. ಮಾಂಸದಲ್ಲಿ ಹಾಕಿದರೆ ಸರಿದುಹೋಗುತ್ತದೆ, ಆಮೇಲೆ ಸ್ಕ್ಯಾನರ್ ಹಿಡಿದು ಕತ್ತೆಲ್ಲ ತಡಕಾಡಬೇಕು. ಸೂಜಿ ಚುಚ್ಚುವ ಮೊದಲು ಒಮ್ಮೆ ಸ್ಕ್ಯಾನ್ ಮಾಡಬೇಕು, ಹಳೆಯ ಚಿಪ್ ಇದೆಯೇ ಎಂದು. ಚುಚ್ಚಿದ ಮೇಲೆ ಮತ್ತೊಮ್ಮೆ, ಓದುತ್ತಿದೆಯೇ ಎಂದು.

ಡಿಎನ್‌ಎಗೆ 20ರಿಂದ 30 ಕೂದಲು ಸಾಕು, ಆದರೆ ಕಿತ್ತೇ ತೆಗೆಯಬೇಕು. ಪರೀಕ್ಷೆಗೆ ಬೇಕಾದ ಜೀವಕೋಶ ಇರುವುದು ಬುಡದ ಸಣ್ಣ ಗಡ್ಡೆಯಲ್ಲಿ, ಕತ್ತರಿಸಿದ ಕೂದಲಿನಿಂದ ಉಪಯೋಗವಿಲ್ಲ. ಎಳೆ ಮರಿಯ ಜೂಲಿನ ಬುಡ ತೀರಾ ಸಣ್ಣದು, ಅದರ ಬಾಲದ ಕೂದಲೇ ಲೇಸು. ಮಾದರಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವ ನಿಂತು ಬೂಸ್ಟು ಹಿಡಿಯುತ್ತದೆ, ಕಾಗದದ ಲಕೋಟೆಯೇ ಸರಿ. ಪ್ರಯೋಗಾಲಯ ನೋಡುವ ಗುರುತುಗಳು, ಅಂದರೆ ಒಂದೇ ಸಣ್ಣ ತುಣುಕು ಮತ್ತೆ ಮತ್ತೆ ಬರುವ ಡಿಎನ್‌ಎಯ ಜಾಗಗಳು, ಹನ್ನೆರಡಕ್ಕೂ ಹೆಚ್ಚು. ಪ್ರತಿ ಗುರುತಿನಲ್ಲೂ ಮರಿಗೆ ಒಂದು ಪ್ರತಿ ತಾಯಿಯದು, ಒಂದು ತಂದೆಯದು. ಒಂದು ಗುರುತಿನಲ್ಲಿ ಆ ತುಣುಕು ಎಷ್ಟು ಸಲ ಬಂದಿದೆ ಎಂದು ಎಣಿಸಿದಾಗ ಮರಿಯಲ್ಲಿ 14 ಮತ್ತು 17 ಇದೆ, ತಾಯಿಯಲ್ಲಿ 14 ಮತ್ತು 15 ಇದೆ ಎನ್ನೋಣ. ಆಗ 17 ತಂದೆಯಿಂದಲೇ ಬಂದಿರಬೇಕು. ತಂದೆ ಎಂದು ಬರೆಸಿದ ಕುದುರೆಯಲ್ಲಿ 16 ಮತ್ತು 18 ಕಂಡರೆ ಅನುಮಾನ ಏಳುತ್ತದೆ. ಒಂದೇ ಕಡೆ ತಾಳೆ ತಪ್ಪಿದರೆ ಅದು ಹೊಸ ಮ್ಯುಟೇಶನ್, ಅಂದರೆ ಡಿಎನ್‌ಎಯಲ್ಲಿ ತಾನಾಗಿ ಆದ ಬದಲಾವಣೆ, ಇರಬಹುದು. ಹಲವು ಕಡೆ ತಪ್ಪಿದರೆ ಅವನು ತಂದೆಯಲ್ಲ. ಇಂಥ ಎಡವಟ್ಟಿಗೆ ಯಾವಾಗಲೂ ಮೋಸವೇ ಕಾರಣವಲ್ಲ, ಒಂದೇ ರಾತ್ರಿ ಹಾಕಿದ ಎರಡು ಮರಿಗಳ ಲಕೋಟೆ ಅದಲುಬದಲಾದರೂ ಸಾಕು.

ಇಷ್ಟೆಲ್ಲ ಯಾಕೆ ಬೇಕಾಯಿತು ಎನ್ನುವುದಕ್ಕೆ ಇತಿಹಾಸದಲ್ಲಿ ಒಳ್ಳೆಯ ಉದಾಹರಣೆ ಇದೆ. ಇಂಗ್ಲೆಂಡಿನಲ್ಲಿ ಥರೋಬ್ರೆಡ್ ಎಂಬ ಪಂದ್ಯದ ತಳಿಯ ಕುದುರೆಗಳ ವಂಶಾವಳಿಯ ಜನರಲ್ ಸ್ಟಡ್ ಬುಕ್ ಮೊದಲು ಅಚ್ಚಾದದ್ದು 1791ರಲ್ಲಿ. ಅರ್ಧ ಶತಮಾನ ಕಳೆದ ಮೇಲೆ, 1844ರ ಡರ್ಬಿಯಲ್ಲಿ ರನ್ನಿಂಗ್ ರೈನ್ ಎಂಬ ಕುದುರೆ ಗೆದ್ದಿತು. ಅದು ಮೂರು ವರ್ಷದ ಕುದುರೆಗಳ ಪಂದ್ಯ. ಓಡಿದ್ದು ಮಾತ್ರ ಮಕಾಬಿಯಸ್ ಎಂಬ ನಾಲ್ಕು ವರ್ಷದ ಕುದುರೆ, ಹೆಸರಷ್ಟೇ ಬೇರೆ. ಕುದುರೆಯ ನಡುವಿನ ಹಾಲುಹಲ್ಲು ಬೀಳುವುದು ಎರಡೂವರೆ ವರ್ಷಕ್ಕೆ, ಪಕ್ಕದ್ದು ಮೂರೂವರೆಗೆ, ಕೊನೆಯದು ನಾಲ್ಕೂವರೆಗೆ. ಬಾಯಿ ಬಿಡಿಸಿ ನೋಡಿದ್ದರೆ ವಯಸ್ಸು ಅಲ್ಲೇ ಗೊತ್ತಾಗುತ್ತಿತ್ತು. ಪುಸ್ತಕದಲ್ಲಿ ವಂಶ ಬರೆದಿಟ್ಟ ಮಾತ್ರಕ್ಕೆ, ಮುಂದೆ ನಿಂತಿರುವ ಪ್ರಾಣಿ ಅದೇ ಎಂದಾಗುವುದಿಲ್ಲ.

ಬೆಂಗಳೂರು ಟರ್ಫ್ ಕ್ಲಬ್ಬಿನಲ್ಲಿ ಓಡುವ ಥರೋಬ್ರೆಡ್‌ಗಳೂ, ಟಿಪ್ಪುವಿನ ಅಶ್ವದಳಕ್ಕೆ ಕುದುರೆ ಸಾಕುತ್ತಿದ್ದ ಕುಣಿಗಲ್ ಫಾರಮ್ಮಿನಲ್ಲಿ ಹುಟ್ಟಿದ ಥರೋಬ್ರೆಡ್‌ಗಳೂ ಇದೇ ಪರಂಪರೆಯವು. ಅವುಗಳ ಲೆಕ್ಕ ಇಡುವ ಭಾರತೀಯ ಸ್ಟಡ್ ಬುಕ್ ಕಚೇರಿ ಪುಣೆಯಲ್ಲಿದೆ. ಗುರುತು ಹಿಡಿಯುವ ಕೆಲಸದಲ್ಲಿ ಸ್ಟಡ್ ಬುಕ್ಕುಗಳು ಪಳಗಿವೆ. ಅವು ಹಿಂದೆ ಬಿದ್ದಿರುವುದು ಕುದುರೆಯ ಹಿತದಲ್ಲಿ. ಯಾವುದನ್ನು ಪುಸ್ತಕಕ್ಕೆ ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ಒಂದೊಂದು ನಿಯಮವೂ ಮುಂದಿನ ಪೀಳಿಗೆಯ ಮೈಯಲ್ಲಿ ನೋವಾಗಿಯೋ ಆರೋಗ್ಯವಾಗಿಯೋ ಕಾಣಿಸಿಕೊಳ್ಳುತ್ತದೆ.

ಅಮೆರಿಕದ ಕ್ವಾರ್ಟರ್ ಹಾರ್ಸ್ ತಳಿಯಲ್ಲಿ 1969ರಲ್ಲಿ ಇಂಪ್ರೆಸಿವ್ ಎಂಬ ಗಂಡು ಹುಟ್ಟಿತು. ತೊಡೆ, ಹೆಗಲು, ಎದೆ ಎಲ್ಲ ಕಡೆ ಉಬ್ಬಿದ ಸ್ನಾಯು. ಪ್ರದರ್ಶನಗಳಲ್ಲಿ ತೀರ್ಪುಗಾರರು ಅಂಥ ಮೈಕಟ್ಟಿಗೇ ಬಹುಮಾನ ಕೊಟ್ಟರು, ಸಾಕುವವರು ಅದರ ಬೀಜಕ್ಕೇ ಮುಗಿಬಿದ್ದರು, ಎರಡು ಸಾವಿರಕ್ಕೂ ಹೆಚ್ಚು ಮರಿಗಳಾದವು. ಆ ಸಂತತಿಯ ಎಷ್ಟೋ ಕುದುರೆಗಳು ಇದ್ದಕ್ಕಿದ್ದಂತೆ ನಡುಗಿ ಕುಸಿಯತೊಡಗಿದವು. ರೋಗದ ಹೆಸರು ಎಚ್‌ವೈಪಿಪಿ, ಅಂದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಆಗಾಗ ಸ್ನಾಯು ಸೋಲುವ ರೋಗ. ಕಾರಣ, ಸ್ನಾಯುಕೋಶದ ಸೋಡಿಯಂ ನಾಳವನ್ನು ರೂಪಿಸುವ ಎಸ್‌ಸಿಎನ್4ಎ ಜೀನಿನಲ್ಲಿ ಒಂದೇ ಒಂದು ಅಕ್ಷರದ ತಪ್ಪು.

ಈ ನಾಳದ ಕೆಲಸ ಸ್ವಲ್ಪ ನಿಧಾನವಾಗಿ ನೋಡಬೇಕಾದಷ್ಟು ಚೆಂದವಾಗಿದೆ. ನರದಿಂದ ಆಜ್ಞೆ ಬಂದೊಡನೆ ನಾಳ ತೆರೆಯುತ್ತದೆ, ಸೋಡಿಯಂ ಒಳಗೆ ನುಗ್ಗುತ್ತದೆ, ಸ್ನಾಯು ಬಿಗಿಯುತ್ತದೆ. ಮಿಲಿಸೆಕೆಂಡಿನ ಒಳಗೆ ನಾಳ ತಾನಾಗಿಯೇ ಮುಚ್ಚಿಕೊಳ್ಳಬೇಕು. ತಪ್ಪು ಜೀನಿನ ನಾಳಗಳಲ್ಲಿ ಕೆಲವು ಮುಚ್ಚುವುದೇ ಇಲ್ಲ, ಸೋಡಿಯಂ ಸೋರುತ್ತಲೇ ಇರುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿದಾಗ ಈ ಸೋರಿಕೆ ಇನ್ನೂ ಹೆಚ್ಚುತ್ತದೆ. ಮೊದಲು ಸ್ನಾಯು ಪಟಪಟ ಅದುರುತ್ತದೆ, ಕಣ್ಣಿನ ಮೂರನೇ ರೆಪ್ಪೆ ಮುಂದಕ್ಕೆ ಬರುತ್ತದೆ. ಆಮೇಲೆ ಆಗುವುದೇ ವಿಚಿತ್ರ: ಕೋಶದ ವಿದ್ಯುತ್ ಮಟ್ಟ ಕೆಳಗಿಳಿಯದೇ ನಿಂತುಬಿಡುವುದರಿಂದ, ಸರಿಯಾಗಿರುವ ನಾಳಗಳೂ ಮುಚ್ಚಿದ ಸ್ಥಿತಿಯಲ್ಲೇ ಸಿಕ್ಕಿಕೊಳ್ಳುತ್ತವೆ. ನಮ್ಮ ಮೆಟ್ರೊದಲ್ಲಿ ಒಂದು ಬೋಗಿಯ ಒಂದು ಬಾಗಿಲು ಮುಚ್ಚದಿದ್ದರೆ ಇಡೀ ರೈಲು ಕದಲುವುದಿಲ್ಲವಲ್ಲ, ಹಾಗೆ ಕೆಲವೇ ನಾಳಗಳ ತಪ್ಪಿನಿಂದ ಇಡೀ ಸ್ನಾಯು ಸ್ತಬ್ಧ. ಗಂಟಲಿನ ಸ್ನಾಯುವಿಗೆ ಹೀಗಾದರೆ ಉಸಿರೇ ಕಟ್ಟುತ್ತದೆ.

ಇಂಥ ಕುದುರೆಗೆ ಲೂಸರ್ನ್, ಅಂದರೆ ನಮ್ಮ ಕುದುರೆ ಮಸಾಲೆ ಸೊಪ್ಪು, ಆಗಿಬರುವುದಿಲ್ಲ. ಕಾಕಂಬಿಯೂ ಅಷ್ಟೇ. ಎರಡರಲ್ಲೂ ಪೊಟ್ಯಾಸಿಯಂ ಜಾಸ್ತಿ. ಮೇವನ್ನು ದಿಢೀರನೆ ಬದಲಿಸಬಾರದು, ಉಪವಾಸ ಕೆಡವಬಾರದು. ತಡೆಗೆ ಅಸೆಟಝೋಲಮೈಡ್ ಎಂಬ ಔಷಧ ಇದೆ. ಕುಸಿದು ಬಿದ್ದಾಗ ಪಶುವೈದ್ಯರು ಕ್ಯಾಲ್ಸಿಯಂ ಗ್ಲುಕೋನೇಟ್, ಡೆಕ್ಸ್‌ಟ್ರೋಸ್ ರಕ್ತನಾಳಕ್ಕೆ ಕೊಡುತ್ತಾರೆ.

ಜೀನಿನ ತಪ್ಪು ಪತ್ತೆಯಾದದ್ದು 1992ರಲ್ಲಿ. ತಪ್ಪು ಪ್ರತಿ ಎರಡೂ ಇರುವ ಮರಿಗಳಿಗೆ ಕ್ವಾರ್ಟರ್ ಹಾರ್ಸ್ ತಳಿಯ ಪುಸ್ತಕದಲ್ಲಿ ನೋಂದಣಿ ಇಲ್ಲ ಎಂಬ ನಿಯಮ ಅನ್ವಯವಾದದ್ದು 2007ರಿಂದ ಹುಟ್ಟಿದ ಮರಿಗಳಿಗೆ. ನಡುವೆ 15 ವರ್ಷ. ಒಂದು ಕೂದಲ ಪರೀಕ್ಷೆಯಲ್ಲಿ ತಿಳಿಯುವ ವಿಷಯಕ್ಕೆ ಇಷ್ಟು ತಡವಾಗಿದ್ದು ಅಕ್ಷಮ್ಯ. ಒಂದೇ ಪ್ರತಿ ಇರುವ ಕುದುರೆಗೆ ಆಗಲೂ ಬಾಗಿಲು ಮುಚ್ಚಲಿಲ್ಲ. ಇದು ಪ್ರಬಲ ಜೀನ್, ಒಂದು ಪ್ರತಿಯಿದ್ದರೂ ಕುದುರೆ ಕುಸಿಯಬಹುದು ಎಂಬುದು ಗೊತ್ತಿದ್ದೂ.

ಎಲ್ಲ ರೋಗಕ್ಕೂ ಇದೇ ನಿಯಮ ಸಲ್ಲದು. ಅರೇಬಿಯನ್ ಕುದುರೆಗಳಲ್ಲಿ ಎಸ್‌ಸಿಐಡಿ ಎಂಬ ರೋಗವಿದೆ. ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟುವ ಮರಿ ಐದಾರು ತಿಂಗಳೊಳಗೆ ಸಾಯುತ್ತದೆ. ಆದರೆ ಇದು ಅಪ್ರಬಲ ಜೀನ್, ಒಂದು ಪ್ರತಿ ಇದ್ದವು ಪೂರ್ತಿ ಆರೋಗ್ಯವಾಗಿರುತ್ತವೆ. ಅಮೆರಿಕದಲ್ಲಿ ಪರೀಕ್ಷಿಸಿದಾಗ ಇಂಥ ವಾಹಕಗಳು ಶೇ. 8ರಷ್ಟಿದ್ದವು. ಹೇಗೆಂದರೆ ಹಾಗೆ ಕೂಡಿಸಿದರೆ 0.08 × 0.08 × 0.25, ಅಂದರೆ 10,000 ಮರಿಗಳಲ್ಲಿ 16ಕ್ಕೆ ರೋಗ. ವಾಹಕಗಳನ್ನೆಲ್ಲ ತೆಗೆದುಹಾಕಿದರೆ ಅವುಗಳ ಜೊತೆ ನೂರಾರು ಒಳ್ಳೆಯ ಜೀನುಗಳೂ ಹೋಗುತ್ತವೆ. ವಾಹಕವನ್ನು ವಾಹಕದ ಜೊತೆ ಕೂಡಿಸದಿದ್ದರೆ ಸಾಕು, ರೋಗದ ಮರಿ ಒಂದೂ ಹುಟ್ಟುವುದಿಲ್ಲ. ಅದಕ್ಕೆ ಫಲಿತಾಂಶವನ್ನು ನೋಂದಣಿ ಪತ್ರದ ಮೇಲೆ ಎಲ್ಲರಿಗೂ ಕಾಣುವಂತೆ ಅಚ್ಚು ಹಾಕಬೇಕು, ಮಾಲೀಕರ ಕಪಾಟಿನಲ್ಲಿ ಇಟ್ಟರೆ ಪ್ರಯೋಜನವಿಲ್ಲ.

ಪಂಚಕಲ್ಯಾಣಿಗೆ ಮರಳೋಣ. ಬಣ್ಣ ಕೊಡುವ ಕೋಶಗಳು ಭ್ರೂಣದ ಬೆನ್ನಿನ ಗೆರೆಯಲ್ಲಿ ಹುಟ್ಟಿ ಅಲ್ಲಿಂದ ಕೆಳಗೆ ಸಾಗುತ್ತವೆ. ಗೊರಸಿನ ಸುತ್ತ ಮತ್ತು ಮುಖದ ನಡು ಅವಕ್ಕೆ ಬಹಳ ದೂರ, ತಲುಪದೆ ಉಳಿದ ಕಡೆ ಬಿಳಿ. ಪಂಚಕಲ್ಯಾಣಿಯ ಬಿಳಿಯಿಂದ ಸಾಮಾನ್ಯವಾಗಿ ತೊಂದರೆಯಿಲ್ಲ, ಶುಭವೂ ಇಲ್ಲ. ಆದರೆ ಅದೇ ಮೂಲದ ಕೋಶಗಳಿಂದಲೇ ಕರುಳಿನ ನರಗಳೂ ಆಗುತ್ತವೆ. ಅಮೆರಿಕದ ಪೇಂಟ್ ಕುದುರೆಗಳ ಫ್ರೇಮ್ ಎಂಬ ಚೆಲುವಾದ ಮಚ್ಚೆಗೆ ಕಾರಣವಾದ ಜೀನ್ ಎರಡು ಪ್ರತಿ ಬಂದರೆ ಮೈಗೆ ಬಣ್ಣವೂ ಇಲ್ಲ, ದೊಡ್ಡ ಕರುಳಿಗೆ ನರವೂ ಇಲ್ಲ. ಅಚ್ಚ ಬಿಳಿಯ, ನೀಲಿಗಣ್ಣಿನ ಮರಿ ಎದ್ದು ನಿಂತು ಹಾಲು ಕುಡಿಯುತ್ತದೆ. ಮೊದಲ ಲದ್ದಿ ಮಾತ್ರ ಹೊರಬರುವುದಿಲ್ಲ. ಹೊಟ್ಟೆನೋವಿನಲ್ಲಿ ಒದ್ದಾಡಿ ಕೆಲವೇ ದಿನಗಳಲ್ಲಿ ಸಾಯುತ್ತದೆ, ಚಿಕಿತ್ಸೆ ಇಲ್ಲ. ಫ್ರೇಮ್ ಕುದುರೆಗಳೆರಡನ್ನು ಕೂಡಿಸಿದರೆ ಪ್ರತಿ ಬಸುರಿಗೂ ಇದರ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗೆಂದು ಬಿಳಿ ಮರಿಗಳೆಲ್ಲ ಸಾಯುವವಲ್ಲ, ಬೇರೆ ಜೀನುಗಳಿಂದ ಬಿಳಿಯಾದವು ಚೆನ್ನಾಗಿ ಬದುಕುತ್ತವೆ.

ಒಂದೊಂದು ರೋಗದ ಜೀನ್ ಪರೀಕ್ಷೆಗೆ ಸಿಗದ ಇನ್ನೊಂದು ಅಪಾಯವಿದೆ, ಒಂದೇ ರಕ್ತ ಒಟ್ಟುಗೂಡುವುದು. ಒಬ್ಬನೇ ತಂದೆಯ, ಬೇರೆ ಬೇರೆ ತಾಯಂದಿರ ಅಣ್ಣತಂಗಿಯರನ್ನು ಕೂಡಿಸಿದರೆ ಮರಿಯ ಒಳಸಂಬಂಧ, ಅಂದರೆ ಜೀನಿನ ಎರಡು ಪ್ರತಿಯೂ ಒಬ್ಬನೇ ಪೂರ್ವಜನಿಂದ ಬಂದಿರುವ ಸಾಧ್ಯತೆ, ಶೇ. 12.5. ಥರೋಬ್ರೆಡ್‌ಗೆ ಕೃತಕ ಗರ್ಭಧಾರಣೆ ನಿಷಿದ್ಧ, ಆದರೂ ಹೆಸರುವಾಸಿ ಗಂಡೊಂದು ಒಂದೇ ಹಂಗಾಮಿನಲ್ಲಿ ನೂರಕ್ಕೂ ಮೀರಿ ಹೆಣ್ಣುಗಳಿಗೆ ಬೀಜ ಕೊಡುತ್ತದೆ. ಬೇರೆ ಬೇರೆ ದೇಶಗಳ 10,000ಕ್ಕೂ ಹೆಚ್ಚು ಥರೋಬ್ರೆಡ್‌ಗಳನ್ನು ಪರಿಶೀಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ. 97ರ ವಂಶಾವಳಿಯಲ್ಲಿ 1961ರಲ್ಲಿ ಹುಟ್ಟಿದ ನಾರ್ದರ್ನ್ ಡಾನ್ಸರ್ ಎಂಬ ಒಂದೇ ಗಂಡು ಕಾಣಿಸಿಕೊಂಡಿತು. ಅದೇ ವರ್ಷ ಅಮೆರಿಕದ ಥರೋಬ್ರೆಡ್ ನೋಂದಣಿ ಸಂಸ್ಥೆಯಾದ ಜಾಕಿ ಕ್ಲಬ್, ಗಂಡೊಂದಕ್ಕೆ ವರ್ಷಕ್ಕೆ 140 ಹೆಣ್ಣು ಎಂಬ ಮಿತಿ ಹಾಕಿತು. ಸ್ಟಡ್ ಫಾರಮ್ಮುಗಳು ಕೋರ್ಟಿಗೆ ಹೋದವು. 2022ರಲ್ಲಿ ಮಿತಿಯನ್ನು ಹಿಂತೆಗೆದುಕೊಂಡರು. ಹಣದ ಮುಂದೆ ನೋಂದಣಿ ಸಂಸ್ಥೆ ಸೋತ ಈ ಪ್ರಸಂಗ ನಿಜಕ್ಕೂ ಬೇಸರದ್ದು.

ದೇಶಿ ತಳಿಗಳಿಗೆ ಇದು ಇನ್ನೂ ತುರ್ತಿನ ಮಾತು. ನಮ್ಮ ಪ್ರಾಣಿ ತಳಿಗಳಿಗೆ ಅಧಿಕೃತ ಮಾನ್ಯತೆ ಕೊಡುವ ರಾಷ್ಟ್ರೀಯ ಬ್ಯೂರೋ 1984ರಲ್ಲಿ ಶುರುವಾದದ್ದು ಬೆಂಗಳೂರಿನಲ್ಲೇ, ಮರುವರ್ಷ ಕರ್ನಾಲಿಗೆ ಹೋಯಿತು. ಮಾರ್ವಾಡಿ, ಕಾಠಿಯಾವಾಡಿ, ಮಣಿಪುರಿ, ಸ್ಪಿತಿ, ಝಂಸ್ಕಾರಿ ಎಲ್ಲ ಅದರ ಪಟ್ಟಿಯಲ್ಲಿವೆ. ಆದರೆ ತಳಿಗೆ ಮಾನ್ಯತೆ ಸಿಗುವುದು ಬೇರೆ, ಒಂದೊಂದು ಕುದುರೆಯ ಅಪ್ಪ ಅಮ್ಮ ಯಾರು ಎಂದು ಡಿಎನ್‌ಎಯಿಂದ ಖಚಿತಪಡಿಸುವುದು ಬೇರೆ. ಕಿವಿಯ ತುದಿ ಕೂಡುವಂತೆ ಬಾಗಿದೆ, ದೇವಮಣಿ ಇದೆ ಎಂದು ನಾಲ್ಕೇ ಗಂಡುಗಳ ಹಿಂದೆ ಎಲ್ಲರೂ ಬಿದ್ದರೆ, ಬಚ್ಚಿಟ್ಟುಕೊಂಡ ಅಪ್ರಬಲ ರೋಗಗಳು ಕೆಲವೇ ಪೀಳಿಗೆಯಲ್ಲಿ ಜೋಡಿಯಾಗಿ ಮೇಲೆದ್ದು ಬರುತ್ತವೆ.

ನಗರದ ಮದುವೆ ಮೆರವಣಿಗೆಗೆ ಬರುವ ಬಿಳಿ ಕುದುರೆ, ಗಾಡಿ ಎಳೆಯುವ ತಟ್ಟು ಸಾಮಾನ್ಯವಾಗಿ ಯಾವ ಸ್ಟಡ್ ಬುಕ್ಕಿನಲ್ಲೂ ಇರುವುದಿಲ್ಲ. ಅವುಗಳ ಪಾಲಿಗೆ ಇರುವುದು ದೇಶದ ಕಾನೂನು. ಹೊರೆ ಮತ್ತು ಗಾಡಿ ಎಳೆಯುವ ಪ್ರಾಣಿಗಳ ಕುರಿತ 1965ರ ನಿಯಮಗಳ ಪ್ರಕಾರ ದಿನಕ್ಕೆ ಒಟ್ಟು ಒಂಬತ್ತು ಗಂಟೆ ಮೀರಿ, ಬಿಡುವಿಲ್ಲದೆ ಐದು ಗಂಟೆ ಮೀರಿ ದುಡಿಸುವಂತಿಲ್ಲ. ತಾಪ 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸಕ್ಕೆ ಹೂಡುವಂತಿಲ್ಲ. ಮುಳ್ಳಿನ ಕಡಿವಾಣ ಹಾಕಿ ಸವಾರಿ ಮಾಡುವುದೂ ಅದೇ ನಿಯಮಗಳಡಿ ಅಪರಾಧ. ಕುದುರೆ ಗೊತ್ತುಮಾಡುವ ಮನೆಯವರು ಮುಂಗಡ ಕೊಡುವ ಮೊದಲು ಕಡಿವಾಣ ಬಿಚ್ಚಿಸಿ, ಒಳಬದಿಗೆ ಮೊಳೆ ಅಥವಾ ಗುಬುಟು ಇದೆಯೇ ಎಂದು ಬೆರಳಾಡಿಸಿ ನೋಡಬಹುದು. ಬಾಯಿಯ ಎರಡು ಮೂಲೆಗಳಲ್ಲಿ ಹಸಿ ಗಾಯವೋ ಒಣಗಿದ ಬಿಳಿ ಕಲೆಯೋ ಕಂಡರೆ ಆ ಕುದುರೆ ಬೇಡ ಎಂದು ಹೇಳಿ, ಯಾಕೆ ಬೇಡ ಎಂಬುದನ್ನೂ ಅದರ ಮಾಲೀಕನಿಗೆ ತಿಳಿಸಬೇಕು.