ಅನುಮೋದನೆ: ಯಾರದು, ಯಾವುದಕ್ಕೆ?

ಬೇಸಿಗೆ ಬಂತೆಂದರೆ ‘ಪಟ್ಟಣದ ಕುಡಿಯುವ ನೀರಿನ ಯೋಜನೆಗೆ ಅನುಮೋದನೆ’ ಎಂಬ ತಲೆಬರಹ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಯಾರು ಒಪ್ಪಿದರು, ಯಾವುದನ್ನು ಒಪ್ಪಿದರು ಎಂಬುದು ಸುದ್ದಿಯ ಕೊನೆಯ ಸಾಲು ಮುಗಿದರೂ ತಿಳಿಯುವುದಿಲ್ಲ. ಪುರಸಭೆಯ ಸಾಮಾನ್ಯ ಸಭೆ ಒಪ್ಪಿದ್ದೂ ಅನುಮೋದನೆ, ಸಚಿವ ಸಂಪುಟ ಒಪ್ಪಿದ್ದೂ ಅನುಮೋದನೆ, ಎಂಜಿನಿಯರು ಅಂದಾಜುಪಟ್ಟಿಗೆ ಸಹಿ ಹಾಕಿದ್ದೂ ಅನುಮೋದನೆ. ಓದಿದ ಜನ ಮುಂದಿನ ಬೇಸಿಗೆಗೆ ನಲ್ಲಿಯಲ್ಲಿ ನೀರು ಬಂದೇ ಬರುತ್ತದೆಂದು ನಂಬಿ ಕೂರುತ್ತಾರೆ.

‘ಅನು’ ಎಂದರೆ ಹಿಂದೆಯೇ, ಜೊತೆಗೆ. ‘ಮೋದ’ ಎಂದರೆ ಸಂತೋಷ. ಇನ್ನೊಬ್ಬರು ಮಾಡಿದ್ದಕ್ಕೆ ಮನಸಾರೆ ಜೊತೆಗೂಡುವುದೇ ಅನುಮೋದನೆ. ಜೈನರಲ್ಲಿ ಕೃತ, ಕಾರಿತ, ಅನುಮೋದಿತ ಎಂಬ ಮೂರು ಬಗೆಯಿದೆ: ತಾನೇ ಮಾಡಿದ್ದು, ಬೇರೆಯವರಿಂದ ಮಾಡಿಸಿದ್ದು, ಬೇರೆಯವರು ಮಾಡಿದ್ದನ್ನು ಒಪ್ಪಿದ್ದು. ಮೂರರ ಕರ್ಮವೂ ಅಂಟುತ್ತದೆ. ಒಪ್ಪಿದವನೂ ಹೊಣೆಗಾರ ಎಂಬುದು ಈ ಪದದ ಒಡಲಲ್ಲೇ ಇದೆ. ಸಭಾ ನಡಾವಳಿಯಲ್ಲಿ ಇದೇ ಪದಕ್ಕೆ ಇನ್ನೂ ಕಿರಿದಾದ ಅರ್ಥ. ನಿರ್ಣಯದ ಕೆಳಗೆ ‘ಸೂಚಕರು’, ‘ಅನುಮೋದಕರು’ ಎಂದು ಇಬ್ಬರ ಹೆಸರಿರುತ್ತದೆ. ಅಲ್ಲಿ ಅನುಮೋದಕರು ಎಂದರೆ ಸೂಚನೆಗೆ ಬೆಂಬಲ ಕೊಟ್ಟ ಒಬ್ಬ ಸದಸ್ಯರು ಮಾತ್ರ. ಇಡೀ ಸಭೆಯ ತೀರ್ಮಾನ ಬೇರೆಯೇ ಆಗಬೇಕು. ಉತ್ತರ ಕರ್ನಾಟಕದವರು ಆ ತೀರ್ಮಾನವನ್ನು ‘ಠರಾವು’ ಎನ್ನುತ್ತಾರೆ. ಮರಾಠಿಯಿಂದ ಬಂದ ಈ ಪದದಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ.

‘ಮಂಜೂರು’ ಬಂದ ದಾರಿ ಬೇರೆ. ಅರಬ್ಬಿ ಮೂಲದ ಈ ಪದ ‘ನಜರು’ ಎಂಬುದರ ಒಡಹುಟ್ಟು. ಮೇಲಿನವರ ದೃಷ್ಟಿಗೆ ಬಿದ್ದು ಒಪ್ಪಿಗೆ ಪಡೆದದ್ದು ಮಂಜೂರು. ಸಾಲ, ರಜೆ, ಅನುದಾನ ಮಂಜೂರಾಗುವುದು ಇದಕ್ಕೇ.

ಕಾಮಗಾರಿಯ ಕಡತದಲ್ಲಿ ಎರಡೂ ಪದಗಳಿಗೆ ಅವುಗಳದೇ ಜಾಗವಿದೆ. ಈ ಕೆಲಸ ಬೇಕು, ಇಷ್ಟು ವೆಚ್ಚಕ್ಕೆ ನಮ್ಮ ಒಪ್ಪಿಗೆ ಇದೆ ಎನ್ನುವುದು ಆಡಳಿತಾತ್ಮಕ ಅನುಮೋದನೆ. ವಿನ್ಯಾಸವೂ ಅಂದಾಜೂ ಸರಿಯಾಗಿವೆ ಎಂದು ಅಧಿಕಾರವುಳ್ಳ ಎಂಜಿನಿಯರು ಹೇಳುವುದು ತಾಂತ್ರಿಕ ಮಂಜೂರಾತಿ. ಟೆಂಡರು, ಕಾರ್ಯಾದೇಶಗಳೆಲ್ಲ ಆಮೇಲಿನ ಮಾತು. ‘ತಾತ್ವಿಕ ಒಪ್ಪಿಗೆ’ ಇವೆಲ್ಲಕ್ಕಿಂತ ಹಿಂದಿನದು. ಅದನ್ನು ನಂಬಿ ಯಾರೂ ಪೈಪು ಇಳಿಸುವುದಿಲ್ಲ.

ಇವುಗಳ ನಡುವೆ ಸೊರಗಿರುವುದು ಪುರಸಭೆಯ ಅನುಮೋದನೆ. ಸಂವಿಧಾನದ 74ನೇ ತಿದ್ದುಪಡಿಯ ನಂತರ ನೀರು ಸರಬರಾಜು ಹನ್ನೆರಡನೇ ಅನುಸೂಚಿಯಲ್ಲಿದೆ, ಅಂದರೆ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ಕೆಲಸಗಳ ಪಟ್ಟಿಯಲ್ಲಿ. ಬೆಂಗಳೂರಿಗೆ ಜಲಮಂಡಳಿ ಇದೆ. ಉಳಿದ ಊರುಗಳ ದೊಡ್ಡ ಯೋಜನೆಗಳನ್ನು ಹೆಚ್ಚಾಗಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಸಿದ್ಧಪಡಿಸುತ್ತದೆ. ವಿಸ್ತೃತ ಯೋಜನಾ ವರದಿ ಸಭೆಯ ಮುಂದೆ ಬಂದಾಗ ಸದಸ್ಯರು ನೋಡಬೇಕಾದದ್ದು ಬಹಳವಿದೆ. 30 ವರ್ಷ ಮುಂದಿನ ಜನಸಂಖ್ಯೆಯನ್ನು ಯಾವ ಲೆಕ್ಕದಲ್ಲಿ ಹಿಡಿದಿದ್ದಾರೆ? ತಲೆಗೆ ದಿನಕ್ಕೆ 135 ಲೀಟರು ಎಂದು ಬರೆದಿದ್ದರೆ ನೀರಿನ ಮೂಲ ಬರಗಾಲದಲ್ಲೂ ಅಷ್ಟು ಕೊಡುತ್ತದೆಯೇ? ಮೂಲದಿಂದ ನೀರೆತ್ತುವ ಬಾವಿಯಾದ ಜಾಕ್‌ವೆಲ್‌ನ ಪಂಪುಗಳ ವಿದ್ಯುತ್ ಬಿಲ್ಲನ್ನು ಯೋಜನೆ ಪುರಸಭೆಗೆ ಹಸ್ತಾಂತರವಾದ ಮೇಲೆ ಯಾರು ಕಟ್ಟುತ್ತಾರೆ? ನಗರಗಳ ನೀರಿಗೆಂದು ಕೇಂದ್ರ ಸರ್ಕಾರ ತಂದ ಅಮೃತ್ 2.0 ಯೋಜನೆಯಲ್ಲಿ ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಊರಿನ ಯೋಜನೆಗೆ ಕೇಂದ್ರ ಕೊಡುವುದು ವೆಚ್ಚದ ಅರ್ಧ ಮಾತ್ರ. ಉಳಿದದ್ದರಲ್ಲಿ ಪುರಸಭೆಯ ಪಾಲೆಷ್ಟು ಎಂದು ಕೇಳದೆ ಕೈ ಎತ್ತಿದರೂ ಹೊರೆ ಬೀಳುವುದು ಊರಿನ ನೀರಿನ ತೆರಿಗೆಯ ಮೇಲೆಯೇ.

ಇನ್ನು ‘ಘಟನೋತ್ತರ ಅನುಮೋದನೆ’. ಕೆಲಸ ಶುರುವಾದ ಮೇಲೆ ಸಭೆಯ ಮುಂದಿಡುವ ಕಾಗದಕ್ಕೆ ಈ ಹೆಸರು. ತುರ್ತಿನಲ್ಲಿ ಒಡೆದ ಪೈಪು ಬದಲಿಸಿದ್ದಕ್ಕೆ ಇದು ಸರಿ. ಮೂವತ್ತು ವರ್ಷ ಊರು ನಂಬಬೇಕಾದ ಯೋಜನೆಗೆ ಖಂಡಿತ ಸಲ್ಲದು.

ಚುನಾಯಿತ ಮಂಡಳಿಯ ಅವಧಿ ಮುಗಿದಿದ್ದರೆ ಸಭೆಯ ಅಧಿಕಾರವೆಲ್ಲ ಆಡಳಿತಾಧಿಕಾರಿಯ ಕೈಯಲ್ಲಿರುತ್ತದೆ. ಆಗಲೂ ಸುದ್ದಿಯಲ್ಲಿ ‘ಪುರಸಭೆ ಅನುಮೋದನೆ’ ಎಂದೇ ಬರುತ್ತದೆ. ಸಹಿ ಒಬ್ಬ ಅಧಿಕಾರಿಯದು. ಆ ದಿನ ಯಾವ ವಾರ್ಡಿನ ಸದಸ್ಯರೂ ಸಭೆಯಲ್ಲಿ ಇರಲಿಲ್ಲ. ವರದಿಗಾರರು ದಯವಿಟ್ಟು ‘ಆಡಳಿತಾಧಿಕಾರಿಯ ಅನುಮೋದನೆ’ ಎಂದೇ ಬರೆಯಲಿ.